ಮಾರಿಕಣಿವೆಯ ಕಟ್ಟೆಯನ್ನು ಕಟ್ಟಿಸಿದವರು ಯಾರು?

ಇತಿಹಾಸವನ್ನು ಇಡಿಯಾಗಿ ಓದುವವರು ಎಲ್ಲ ಕಾಲದಲ್ಲಿಯೂ ಕಡಿಮೆ. ಇತಿಹಾಸದ ಚಿಲ್ಲರೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು ಎಲ್ಲ ಕಾಲದಲ್ಲಿಯೂ ಹೆಚ್ಚು. ಇದರಲ್ಲಿ ತಪ್ಪೇನೂ ಇಲ್ಲ. ಸಂತೆಗೆ ಹೊರಟವನು ಖಜಾನೆಯನ್ನೇ ಹೊತ್ತುಕೊಂಡು ಹೋಗಬೇಕಾಗಿಲ್ಲ. ನಾಲ್ಕು ಕಾಸು ಸೊಂಟದಲ್ಲಿದ್ದರೆ ಸಾಕು. ಇಂಥ ಗುಡಿಯನ್ನು ಇಂಥ ಅರಸನು ಕಟ್ಟಿಸಿದನು, ಇಂಥ ಊರಿಗೆ ಈ ಹೆಸರು ಬಂದದ್ದು ಹೀಗೆ, ಏಷ್ಯಾ ಖಂಡದಲ್ಲಿಯೇ ಮೊಟ್ಟಮೊದಲು ವಿದ್ಯುದ್ದೀಪ ಉರಿದದ್ದು ಇಲ್ಲಿ: ಇವೇ ಆ ಕಾಸುಗಳು. ಮದುವೆಯ ಚಪ್ಪರದಲ್ಲಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಾತು ನಡೆಯುವುದು ಬಹುಮಟ್ಟಿಗೆ ಇಂಥ ಚಿಲ್ಲರೆಯಿಂದಲೇ.

ಹಿಂದೆ ಈ ಚಿಲ್ಲರೆ ಹಿರಿಯರ ಬಾಯಿಂದ ಬರುತ್ತಿತ್ತು. ಪಂಚಾಂಗದ ಕೊನೆಯ ಪುಟದಿಂದ, ಪಠ್ಯಪುಸ್ತಕದ ಅಡಿಟಿಪ್ಪಣಿಯಿಂದ ಬರುತ್ತಿತ್ತು. ಈಗ ಅದು ಅಂತರಜಾಲದಿಂದ ಬರುತ್ತದೆ. ಬೆಳಗಿನ ಕಾಫಿ ಬರುವ ಮುನ್ನವೇ ‘ನಿಮಗಿದು ಗೊತ್ತೇ?’ ಎಂಬ ತಲೆಬರೆಹದೊಡನೆ ಹತ್ತು ಸಂಗತಿಗಳು ಮೊಬೈಲಿನಲ್ಲಿ ಬಂದು ಕುಳಿತಿರುತ್ತವೆ. ಹೇಳಿದವರು ಯಾರು, ಯಾವ ಆಧಾರದ ಮೇಲೆ ಹೇಳಿದರು ಎಂಬ ವಿವರ ಅಲ್ಲಿರುವುದಿಲ್ಲ. ಕೊನೆಯಲ್ಲಿ ‘ಎಲ್ಲರಿಗೂ ಕಳುಹಿಸಿ’ ಎಂಬ ಅಪ್ಪಣೆಯೊಂದು ಮಾತ್ರ ತಪ್ಪದೆ ಇರುತ್ತದೆ. ಕಳುಹಿಸುವವರು ಕೆಟ್ಟವರಲ್ಲ, ನಾಡಿನ ಮೇಲಿನ ಅಭಿಮಾನದಿಂದಲೇ ಕಳುಹಿಸುತ್ತಾರೆ. ಆದರೆ ಬೆಳ್ಳಿಯ ರೂಪಾಯಿ ಓಡಾಡುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜಂದಿರು ಪ್ರತಿಯೊಂದು ನಾಣ್ಯವನ್ನೂ ಕಲ್ಲಿನ ಮೇಲೆ ಟಣ್ಣೆನ್ನಿಸಿ ನೋಡಿ ಅನಂತರ ಚೀಲಕ್ಕೆ ಹಾಕುತ್ತಿದ್ದರು. ಆ ಅಭ್ಯಾಸವನ್ನು ನಾವು ಬಿಟ್ಟಿದ್ದೇವೆ. ಪ್ರಕೃತ ಲೇಖನದಲ್ಲಿ ಇಂಥ ಕೆಲವು ನಾಣ್ಯಗಳನ್ನು ಕಲ್ಲಿನ ಮೇಲೆ ಎಸೆದು ನೋಡುವುದು ನನ್ನ ಉದ್ದೇಶ. ದೂರದ ಉದಾಹರಣೆಗಳಿಗಿಂತ ಮೊದಲು, ನಾನು ಪಾಠ ಹೇಳುವ ಹೊಸದುರ್ಗದ ಮಗ್ಗುಲಲ್ಲಿಯೇ ಇರುವ ಒಂದನ್ನು ಎತ್ತಿಕೊಳ್ಳುತ್ತೇನೆ.

ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗಿ, ನಮ್ಮ ಹೊಸದುರ್ಗ ತಾಲ್ಲೂಕನ್ನು ಹಾದು, ಹಿರಿಯೂರು ತಾಲ್ಲೂಕಿನ ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ನುಸುಳುತ್ತವೆ. ಆ ಇಕ್ಕಟ್ಟಿಗೆ ಅಲ್ಲಿಯ ಕಣಿವೆ ಮಾರಮ್ಮನ ಹೆಸರಿನಿಂದ ಮಾರಿಕಣಿವೆ ಎಂದು ಹೆಸರು. ಅಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕಲ್ಲುಗಾರೆಯ ದೊಡ್ಡ ಕಟ್ಟೆಯೊಂದನ್ನು ಕಟ್ಟಿಸಿತು. ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ನೀರಿನ ಪೂರ್ಣಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರು. ಕಟ್ಟೆ ಹಿರಿಯೂರಿನದಾದರೂ ಅದರ ಹಿನ್ನೀರು ಚಾಚಿಕೊಂಡಿರುವುದು ಹೊಸದುರ್ಗದ ಕಡೆಗೆ. ಆದುದರಿಂದ ಆ ಕಟ್ಟೆಯ ಕಥೆ ನಮ್ಮ ತಾಲ್ಲೂಕಿನ ಕಥೆಯೂ ಹೌದು.

ಈ ಕಟ್ಟೆಯ ಬಗ್ಗೆ ಬರುವ ಸಂದೇಶಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದನ್ನು ಕಟ್ಟಿದವರು ಸರ್ ಎಂ. ವಿಶ್ವೇಶ್ವರಯ್ಯನವರು ಎಂಬುದೇ ಆ ಮಾತು. ಚಿತ್ರವೂ ಜೊತೆಗಿರುತ್ತದೆ: ಹಿಂದೆ ಕಟ್ಟೆ, ಮುಂದೆ ಪೇಟ ಧರಿಸಿದ ಆ ಗಂಭೀರ ಮುಖ. ನೋಡಿದವರು ಕೈಮುಗಿಯಬೇಕೇ ಹೊರತು ಪ್ರಶ್ನೆ ಕೇಳುವಂತಿಲ್ಲ.

ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಟ್ಟಿದ್ದ ರಸಪ್ರಶ್ನೆ ಸ್ಪರ್ಧೆಯೊಂದಕ್ಕೆ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ‘ವಾಣಿವಿಲಾಸ ಸಾಗರವನ್ನು ನಿರ್ಮಿಸಿದವರು ಯಾರು?’ ಎಂದು ಪ್ರಶ್ನೆ ಬಂತು. ನಮ್ಮ ತಂಡದಲ್ಲಿ ಹಿನ್ನೀರಿನ ಕಡೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಅವಳು ಎದ್ದು, ‘ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದಾಗ ಮೈಸೂರು ಸರ್ಕಾರ ಕಟ್ಟಿಸಲು ಆರಂಭಿಸಿತು’ ಎಂದಳು. ‘ಉತ್ತರ ತಪ್ಪು, ಸರ್ ಎಂ.ವಿ.’ ಎಂದು ಪ್ರಶ್ನೆ ಕೇಳುತ್ತಿದ್ದವರು ಮುಂದಕ್ಕೆ ಹೋದರು. ಪಕ್ಕದ ತಂಡಕ್ಕೆ ಹತ್ತು ಅಂಕ ಬಂತು. ಆ ಹತ್ತರಿಂದಲೇ ಅದು ಗೆದ್ದಿತು. ಅನಂತರ ನಾನು ಏರ್ಪಾಡು ಮಾಡಿದವರಿಗೆ ಇಸವಿಗಳನ್ನು ಸೇರಿಸಿ ಒಂದು ಕಾಗದ ಬರೆದೆ. ‘ಹತ್ತು ಕಡೆ ನೋಡಿದ್ದೇವೆ, ಹತ್ತು ಕಡೆಯೂ ಹೀಗೆಯೇ ಇದೆ’ ಎಂದು ಮರ್ಯಾದೆಯ ಉತ್ತರ ಬಂತು. ಬಹುಮಾನ ಹೋದದ್ದು ದೊಡ್ಡ ಮಾತಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆ ದೊಡ್ಡದು: ‘ಸಾರ್, ನಿಜ ಹೇಳಿದರೆ ಅಂಕ ಹೋಗುತ್ತೆ, ಸುಳ್ಳು ಹೇಳಿದರೆ ಬರುತ್ತೆ. ನಾಳೆ ಕೆಲಸದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದರೆ ನಾನು ಯಾವುದನ್ನು ಬರೆಯಲಿ?’

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾಣ್ಯವನ್ನು ಕಲ್ಲಿನ ಮೇಲೆ ಎಸೆದು ನೋಡೋಣ. ಇದಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಎರಡು ಸಾಲು ಇಸವಿಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡರೆ ಸಾಕು.

ಒಂದು ಸಾಲು ಕಟ್ಟೆಯದು. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಆದಕಾರಣ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಎಂದರೆ ವಾಣಿವಿಲಾಸ ಸನ್ನಿಧಾನದವರು, ರೀಜೆಂಟರಾಗಿ 1902ರವರೆಗೆ ರಾಜ್ಯಭಾರವನ್ನು ನೋಡಿಕೊಂಡರು. 1883ರಿಂದ 1901ರವರೆಗೆ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಮಾರಿಕಣಿವೆಯ ಕೆಲಸ ಮೊದಲಾದದ್ದು ಈ ಇಬ್ಬರ ಕಾಲದಲ್ಲಿ. ಮುಗಿದದ್ದು ನಾಲ್ವಡಿಯವರ ಕಾಲದಲ್ಲಿ.

ಇನ್ನೊಂದು ಸಾಲು ವಿಶ್ವೇಶ್ವರಯ್ಯನವರದು. ಅವರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಮಾರಿಕಣಿವೆಯಲ್ಲಿ ಕಲ್ಲಿನ ಮೇಲೆ ಕಲ್ಲು ಏರುತ್ತಿದ್ದ ವರ್ಷಗಳಲ್ಲಿ ಅವರು ಆ ಪ್ರಾಂತದ ಸೇವೆಯಲ್ಲಿದ್ದರು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದು ಆ ಕಾಲದಲ್ಲಿಯೇ, 1903ರಲ್ಲಿ. 1906ರಲ್ಲಿ ಏಡನ್ ನಗರದ ನೀರು ಮತ್ತು ಚರಂಡಿಯ ಸಮಸ್ಯೆಯನ್ನು ನೋಡಲು ಹೋದರು. 1908ರ ಮೂಸಿ ನದಿಯ ಮಹಾಪ್ರವಾಹದ ಅನಂತರ ಹೈದರಾಬಾದಿಗೆ ಹೋದರು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಬಂದದ್ದು 1909ರ ನವೆಂಬರಿನಲ್ಲಿ, ದಿವಾನರಾದದ್ದು 1912ರಲ್ಲಿ. ಅವರು ಮೈಸೂರಿಗೆ ಬರುವ ಹೊತ್ತಿಗೆ ಮಾರಿಕಣಿವೆಯ ಕಟ್ಟೆ ಮುಗಿದು ಎರಡು ವರ್ಷಗಳಾಗಿದ್ದವು. ಅವರ ಬದುಕಿನ ನೆನಪುಗಳು 1951ರಲ್ಲಿ ಅವರ ಹೆಸರಿನಿಂದಲೇ ಅಚ್ಚಾಗಿವೆ. ಈ ಇಸವಿಗಳನ್ನು ನೋಡಬೇಕೆನ್ನುವವರು ಗ್ರಂಥಾಲಯದ ಮೆಟ್ಟಿಲು ಹತ್ತಿದರೆ ಆಯಿತು.

ಹಾಗಾದರೆ ಈ ತಪ್ಪು ಹುಟ್ಟಿದ್ದು ಹೇಗೆ? ನನಗೆ ತೋರುವ ಕಾರಣ ಎರಡು. ದೊಡ್ಡ ಮರದ ಕೆಳಗೆ ಬಿದ್ದ ಹಣ್ಣೆಲ್ಲವೂ ಆ ಮರದ್ದೇ ಎಂದು ದಾರಿಹೋಕರು ತಿಳಿಯುತ್ತಾರೆ. ಹೆಸರಾಂತ ಶಿಲ್ಪಿಯ ಹೆಸರಿಗೆ ಊರೂರಿನ ಗುಡಿಗಳನ್ನೂ, ಹೆಸರಾಂತ ಕವಿಯ ಹೆಸರಿಗೆ ಊರವರ ಚಾಟುಪದ್ಯಗಳನ್ನೂ ಸೇರಿಸುವುದು ನಮ್ಮ ಹಳೆಯ ರೂಢಿ. ಕನ್ನಂಬಾಡಿಯ ಕಟ್ಟೆಯನ್ನು 1911ರಲ್ಲಿ ಆರಂಭಿಸಿದ ವ್ಯಕ್ತಿ ಹಳೆಯ ಮೈಸೂರಿನ ಎಲ್ಲ ಕಟ್ಟೆಗಳನ್ನೂ ಕಟ್ಟಿರಬೇಕು ಎಂಬುದು ಜನರ ಲೆಕ್ಕ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ಕೆಲಸವನ್ನೂ ಕೆಲವರು ಅವರ ಖಾತೆಗೇ ಬರೆಯುವುದುಂಟು. ಅದೂ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆ. ಎರಡನೆಯ ಕಾರಣ ಅಕ್ಷರಗಳದು. ವಾಣಿವಿಲಾಸ ಸಾಗರವನ್ನು ನಾವು ವಿ.ವಿ. ಸಾಗರ ಎಂದು ಕತ್ತರಿಸಿದೆವು. ಬೆಂಗಳೂರಿನಲ್ಲಿ ವಿ.ವಿ. ಪುರವೆಂದರೆ ವಿಶ್ವೇಶ್ವರಪುರ, ಮೈಸೂರಿನಲ್ಲಿ ವಿ.ವಿ. ಮೊಹಲ್ಲಾ ಎಂದರೆ ವಾಣಿವಿಲಾಸ ಮೊಹಲ್ಲಾ. ಎರಡಕ್ಷರದ ಒಳಗೆ ಅಡಗಿದ ಮಹಾರಾಣಿಯವರು ಮರೆಯಾಗಿ, ಇಂಜಿನಿಯರರು ಕಾಣಿಸಿಕೊಂಡದ್ದು ಆಶ್ಚರ್ಯವಲ್ಲ.

‘ಯಾರು ಕಟ್ಟಿದರೇನು, ನೀರು ಬಂತಲ್ಲ’ ಎನ್ನುವವರಿದ್ದಾರೆ. ಬಂತು, ನಿಜ. ಆದರೆ ಒಬ್ಬರ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಬರೆದಾಗ ಅನ್ಯಾಯ ಇಬ್ಬರಿಗೂ ಆಗುತ್ತದೆ. ವಿಧವೆಯಾದ ಕೂಡಲೇ ರಾಜ್ಯದ ಭಾರವನ್ನು ಹೊತ್ತ ಒಬ್ಬ ಹೆಣ್ಣುಮಗಳ ಆಡಳಿತ, ಬಯಲುಸೀಮೆಯ ಬರಡಿಗೆ ನೀರು ನಿಲ್ಲಿಸಲು ಮನಸ್ಸು ಮಾಡಿದ ಒಂದು ಸರ್ಕಾರ, ಒಂಬತ್ತು ವರ್ಷ ಆ ಕಣಿವೆಯಲ್ಲಿ ಕಲ್ಲು ಒಡೆದು, ಗಾರೆ ಅರೆದು, ಮಂಕರಿ ಹೊತ್ತ ಹೆಸರಿಲ್ಲದ ಜನ, ಇವರೆಲ್ಲರೂ ಒಂದೇ ಸಾಲಿನ ಸಂದೇಶದಲ್ಲಿ ಅಳಿಸಿಹೋಗುತ್ತಾರೆ. ವಿಶ್ವೇಶ್ವರಯ್ಯನವರಿಗೂ ಇದು ಗೌರವವಲ್ಲ. ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರ ಹೆಸರಿನ ಮೇಲೆ ತಪ್ಪು ಲೆಕ್ಕವನ್ನು ಬರೆಯುವುದು ಅವರಿಗೆ ತೋರುವ ಭಕ್ತಿಯೇ? ಅವರು ನಿಜವಾಗಿ ಮಾಡಿದ್ದೇ ಬೇಕಾದಷ್ಟಿದೆ.

ಖೋಟಾ ನಾಣ್ಯದ ಮಾತು ಇಷ್ಟಾಯಿತು. ಆದರೆ ಚೀಲದಲ್ಲಿರುವ ಕೆಟ್ಟ ನಾಣ್ಯಗಳೆಲ್ಲ ಖೋಟಾ ಅಲ್ಲ. ಕೆಲವು ಒಂದು ಕಾಲಕ್ಕೆ ಅಪ್ಪಟವಾಗಿದ್ದು, ಈಗ ಚಲಾವಣೆ ತಪ್ಪಿದವು.

‘ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು’ ಎಂಬುದು ಅಂಥ ಒಂದು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಆ ಶಾಸನ ದೊರೆತಾಗ ಅದು ಜಗತ್ತಿಗೇ ದೊಡ್ಡ ಸುದ್ದಿ. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತೇ ಹೊರತು ಅರಸನ ಹೆಸರಿರಲಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಕಂಡುಹಿಡಿದ ಶಾಸನಗಳಲ್ಲಿಯೂ ಇಲ್ಲ. ಮಸ್ಕಿಯ ಕಲ್ಲು ಆ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನು ತೋರಿಸಿಕೊಟ್ಟಿತು. ಆಗ ‘ಏಕೈಕ’ ಎಂಬ ಮಾತು ಸತ್ಯವಾಗಿತ್ತು. ಆದರೆ 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ, 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅದೇ ಹೆಸರಿನ ಶಾಸನಗಳು ದೊರೆತವು. ಈಗ ಹೇಳಬೇಕಾದ ಮಾತು ‘ಮೊದಲು ದೊರೆತದ್ದು’ ಎಂದು, ‘ಏಕೈಕ’ ಎಂದಲ್ಲ. ಅಭಿಮಾನಕ್ಕೂ ಇದರಿಂದ ನಷ್ಟವಿಲ್ಲ. ಹೆಸರಿರುವ ನಾಲ್ಕರಲ್ಲಿ ಮೂರು ನಮ್ಮ ಕರ್ನಾಟಕದಲ್ಲಿಯೇ ಇವೆ ಎಂಬುದು ಹಳೆಯ ತಪ್ಪಿಗಿಂತ ಹೆಚ್ಚು ಸಂತೋಷದ ಸುದ್ದಿಯಲ್ಲವೇ?

ಇನ್ನು ಕೆಲವು ನಾಣ್ಯಗಳ ಮುದ್ರೆ ಸವೆದಿರುತ್ತದೆ. ಯಾರೋ ಒಬ್ಬ ವಿದ್ವಾಂಸನು ‘ಇಂಥ ಸೀಮೆಯಲ್ಲಿ’, ‘ಈಗ ತಿಳಿದಮಟ್ಟಿಗೆ’, ‘ಸುಮಾರು’ ಎಂಬ ಮಾತುಗಳನ್ನು ಸೇರಿಸಿ ಎಚ್ಚರದಿಂದ ಹೇಳಿದ್ದು, ಕೈಯಿಂದ ಕೈಗೆ ಹೋಗುವಾಗ ಆ ಮಾತುಗಳನ್ನು ಕಳೆದುಕೊಳ್ಳುತ್ತದೆ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದ ಕಾಲ ಕ್ರಿ.ಶ. 450 ಎಂದು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಕಲ್ಲಿನಲ್ಲಿ ಯಾವ ಇಸವಿಯೂ ಇಲ್ಲ, ಶಕವರ್ಷವೂ ಇಲ್ಲ. 1936ರಲ್ಲಿ ಅದನ್ನು ಬೆಳಕಿಗೆ ತಂದ ಡಾ. ಎಂ.ಎಚ್. ಕೃಷ್ಣ ಅವರು ಲಿಪಿಯನ್ನೂ ಅಲ್ಲಿ ಬರುವ ಅರಸನ ಹೆಸರನ್ನೂ ಭಾಷೆಯನ್ನೂ ನೋಡಿ ‘ಸುಮಾರು’ ಎಂದು ಊಹಿಸಿದ ಕಾಲ ಅದು. ವಿದ್ವತ್ತಿನ ಊಹೆಗೆ ಬೆಲೆಯಿದೆ. ಆದರೆ ‘ಸುಮಾರು’ ಎಂಬ ಮಾತೇ ಅದರ ಬೆಲೆ. ಅದನ್ನು ಕಿತ್ತುಹಾಕಿದರೆ ಊಹೆ ಶಿಲಾಲಿಖಿತದ ವೇಷ ಹಾಕಿಕೊಳ್ಳುತ್ತದೆ. ತಾಳಗುಂದದಲ್ಲಿ ದೊರೆತ ಶಾಸನವೊಂದು ಹಲ್ಮಿಡಿಗಿಂತಲೂ ಹಿಂದಿನದು ಎಂಬ ವಾದ ಈಚೆಗೆ ಬಂದಾಗ ಅನೇಕರು ಸಿಟ್ಟಾದದ್ದು ಇದೇ ಕಾರಣದಿಂದ. ‘ಸುಮಾರು’ ನೆನಪಿದ್ದವರಿಗೆ ಸಿಟ್ಟು ಬರಲಿಲ್ಲ, ಕುತೂಹಲ ಬಂತು.

‘ಏಷ್ಯಾದಲ್ಲೇ ಮೊದಲು’ ಎಂಬ ಮಾತಿನ ಗತಿಯೂ ಹೀಗೆಯೇ. ಶಿವನಸಮುದ್ರದ ಜಲವಿದ್ಯುತ್ತು ಏಷ್ಯಾದ ಮೊದಲನೆಯದೆಂದು ಓದುತ್ತೇವೆ. ಡಾರ್ಜಿಲಿಂಗಿನ ಸಿದ್ರಾಪೊಂಗ್ ಕೇಂದ್ರ 1897ರಲ್ಲಿಯೇ ಕೆಲಸಮಾಡತೊಡಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಏಷ್ಯಾದಲ್ಲಿಯೇ ಮೊದಲೆನ್ನುತ್ತಾರೆ. ಟೋಕಿಯೊ ನಗರದ ಗಿಂಜಾ ಬೀದಿಯಲ್ಲಿ 1882ರಲ್ಲಿ ವಿದ್ಯುದ್ದೀಪ ಉರಿದಿತ್ತು; ಕಲ್ಕತ್ತೆಗೆ 1899ರಲ್ಲಿ ವಿದ್ಯುತ್ ಸರಬರಾಜು ಆರಂಭವಾಗಿತ್ತು. ಆದರೆ ಶಿವನಸಮುದ್ರದಿಂದ ಕೋಲಾರದ ಗಣಿಯವರೆಗೆ ಸುಮಾರು 92 ಮೈಲಿ ತಂತಿಯ ಮೇಲೆ ವಿದ್ಯುತ್ತನ್ನು ಒಯ್ದದ್ದು ಆ ಕಾಲಕ್ಕೆ ಅಸಾಧಾರಣವಾದ ಸಾಹಸ. ನಿಜವಾದ ಹಿರಿಮೆ ಆ 92 ಮೈಲಿಯಲ್ಲಿದೆ. ಸಂದೇಶ ಕಳುಹಿಸುವವರು ಅದನ್ನು ಬಿಟ್ಟು ಇಲ್ಲದ ಹಿರಿಮೆಗೆ ಜೋತುಬಿದ್ದಿದ್ದಾರೆ. ನಮ್ಮ ಮಾರಿಕಣಿವೆಗೂ ‘ಕರ್ನಾಟಕದ ಅತ್ಯಂತ ಹಳೆಯ ಅಣೆಕಟ್ಟು’ ಎಂಬ ಬಿರುದನ್ನು ಕೊಡುತ್ತಾರೆ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಹಾಕಿದ ಕಟ್ಟೆಗಳಿಗೆ ‘ಅಣೆ’ ಎಂದಲ್ಲದೆ ಬೇರೆ ಹೆಸರೇನಿದೆ? ಅಲ್ಲಿಂದ ಮುಂದೆ ಜಲಾಶಯವನ್ನು ಗುಡ್ಡದ ಮೇಲಿಂದ ನೋಡಿದರೆ ಭಾರತದ ಭೂಪಟದಂತೆ ಕಾಣುತ್ತದೆ ಎನ್ನುತ್ತಾರೆ. ಅದು ನೋಟದ ಮಾತು, ಅದಕ್ಕೆ ನನ್ನ ತಕರಾರಿಲ್ಲ. ನೀರು ಇಳಿದಂತೆ ಏರಿದಂತೆ ಆ ಭೂಪಟದ ಗಡಿಯೂ ಬದಲಾಗುತ್ತದೆ ಎಂದಷ್ಟೇ ಹೇಳಬಹುದು.

ನಾಲ್ಕನೆಯ ಬಗೆಯ ನಾಣ್ಯವನ್ನು ನಾಟಕದ ಹಣ ಎನ್ನೋಣ. ರಂಗದ ಮೇಲೆ ಅದು ಸಲ್ಲುತ್ತದೆ, ಸಲ್ಲಲೇಬೇಕು. ಅಂಗಡಿಗೆ ತಂದಾಗ ಮಾತ್ರ ಜಗಳ. ಚಿತ್ರದುರ್ಗದ ಮದಕರಿನಾಯಕನ ವಿಷಯದಲ್ಲಿ ನಮ್ಮ ಜನ ಎತ್ತಿ ಹೇಳುವ ಎಷ್ಟೋ ಮಾತುಗಳು ತ.ರಾ.ಸು. ಅವರ ಕಾದಂಬರಿಗಳಿಂದ ಬಂದವು. ‘ದುರ್ಗಾಸ್ತಮಾನ’ಕ್ಕೆ ಅವರ ನಿಧನಾನಂತರ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಕೋಟೆ ಹೈದರನ ವಶವಾದ 1779ರ ದುರಂತವನ್ನು ಅಷ್ಟು ಜೀವಂತವಾಗಿ ಕಂಡರಿಸಿದ ಇನ್ನೊಂದು ಕೃತಿ ನಮ್ಮಲ್ಲಿಲ್ಲ. ಆದರೆ ಪಾತ್ರಗಳ ಬಾಯಲ್ಲಿ ಕಾದಂಬರಿಕಾರರು ಇಟ್ಟ ಮಾತನ್ನು ‘ಮದಕರಿನಾಯಕ ಹೇಳಿದ್ದು’ ಎಂದು ಚಿತ್ರದ ಕೆಳಗೆ ಬರೆದು ಕಳುಹಿಸಿದರೆ ಅದು ಕಾದಂಬರಿಗೂ ಅಪಚಾರ, ಚರಿತ್ರೆಗೂ ಅಪಚಾರ. ಒನಕೆ ಓಬವ್ವನನ್ನು ನೆನೆದಾಗ ನನ್ನ ವಿದ್ಯಾರ್ಥಿಗಳ ಕಣ್ಣಿಗೆ ಬರುವುದು 1972ರ ‘ನಾಗರಹಾವು’ ಚಿತ್ರದ ಜಯಂತಿಯವರ ಮುಖ. ಓಬವ್ವನ ಕಿಂಡಿಯ ಮುಂದೆ ನಿಂತಾಗ ಮೈ ನವಿರೇಳುವುದು ಸಹಜ, ಬೇಕಾದದ್ದು ಕೂಡ. ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಯನ್ನು ಐತಿಹ್ಯವೆಂದು ಗೌರವದಿಂದ ಹೇಳೋಣ. ಆದರೆ ಚಿತ್ರದಲ್ಲಿ ಕಂಡ ಒಂದೊಂದು ವಿವರವನ್ನೂ ದಾಖಲೆಯೆಂದು ಪರೀಕ್ಷೆಯಲ್ಲಿ ಕೇಳುವುದು ಬೇಡ.

ಅಂತರಜಾಲವೊಂದನ್ನೇ ಬೈದರೆ ನ್ಯಾಯವಾಗುವುದಿಲ್ಲ. ಅಚ್ಚಿನ ಕಾಲವೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ‘ಕವಿರಾಜಮಾರ್ಗ’ ನೃಪತುಂಗನ ಕೃತಿಯೆಂದೇ ಬಹುಕಾಲ ನಡೆಯಿತು. ಅದು ಅವನ ಆಸ್ಥಾನದ ಶ್ರೀವಿಜಯನ ಕೃತಿಯೆಂಬ ನಿರ್ಣಯಕ್ಕೆ ಬರಲು ವಿದ್ವಾಂಸರು ದಶಕಗಟ್ಟಲೆ ವಾದ ಮಾಡಬೇಕಾಯಿತು. ಕಾಯಕವನ್ನೇ ಕೈಲಾಸವಾಗಿ ಕಾಣುವ ಪ್ರಸಿದ್ಧವಾದ ಮಾತನ್ನು ಗೋಡೆಯ ಮೇಲೆ, ಕ್ಯಾಲೆಂಡರಿನ ಮೇಲೆ ಬಸವಣ್ಣನವರ ಹೆಸರಿನಲ್ಲಿ ಓದುತ್ತೇವೆ. ವಚನ ಸಂಪುಟಗಳನ್ನು ತೆರೆದರೆ ಅದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ದೊರೆಯುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದವನ ಮಾತದು ಎಂದು ತಿಳಿದಾಗ ಅದರ ತೂಕ ಎಷ್ಟು ಹೆಚ್ಚುತ್ತದೆ! ಹೇಳಿದವರು ಯಾರೆಂದು ತಿಳಿಯುವುದು ಬರಿಯ ಹಟವಲ್ಲ. ಮಾತಿನ ಅರ್ಥದಲ್ಲಿ ಅದಕ್ಕೂ ಪಾಲಿದೆ.

ಕಲ್ಲಿನಲ್ಲಿದ್ದರೆ ಮುಗಿಯಿತು, ಅದು ಸತ್ಯ ಎನ್ನುವವರಿಗೂ ಒಂದು ಮಾತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕೆರೆಯ ವಿಷಯವನ್ನು ಹೇಳುವ ಮೂರು ಸಾಲಿನ ಬಂಡೆಗಲ್ಲಿನ ಶಾಸನವಿದೆ. ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಓದಿದಾಗ, ಮಯೂರಶರ್ಮನು ಗೆದ್ದ ದೂರದೂರದ ದೇಶಗಳ ಪಟ್ಟಿಯೇ ಅದರಲ್ಲಿ ಕಂಡಿತು. ಸವೆದ ಅಕ್ಷರಗಳನ್ನು ಮತ್ತೆ ಪರಿಶೀಲಿಸಿದ ಅನಂತರದ ವಿದ್ವಾಂಸರು, ಚಿತ್ರದುರ್ಗದವರೇ ಆದ ಡಾ. ಬಿ. ರಾಜಶೇಖರಪ್ಪನವರೂ ಸೇರಿ, ಆ ಪಾಠವನ್ನು ಪ್ರಶ್ನಿಸಿದರು. ಕಲ್ಲು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಕಲ್ಲನ್ನು ಓದುವ ಕಣ್ಣು ಮನುಷ್ಯನದು. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಮೊದಲು ಓದಿದವರು ತಮ್ಮ ಓದನ್ನು ಕಲ್ಲಿನ ಚಿತ್ರದೊಡನೆ ಅಚ್ಚುಮಾಡಿ ಇಟ್ಟಿದ್ದರಿಂದಲೇ ಮುಂದಿನವರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. ವಿದ್ವಾಂಸನ ತಪ್ಪಿಗೂ ಸಂದೇಶದ ತಪ್ಪಿಗೂ ಇರುವ ವ್ಯತ್ಯಾಸ ಇದು. ಒಂದು ತನ್ನ ವಿಳಾಸವನ್ನು ಬಿಟ್ಟುಹೋಗುತ್ತದೆ. ಇನ್ನೊಂದು ಮುಖ ಮುಚ್ಚಿಕೊಂಡು ಬರುತ್ತದೆ.

ಈಗ ‘ಹತ್ತು ಕಡೆ ಹೀಗೆಯೇ ಇದೆ’ ಎಂಬ ಸಮಾಧಾನಕ್ಕೆ ಉತ್ತರ. ಒಂದು ಘಟನೆಯನ್ನು ಹತ್ತು ಜನ ಕಣ್ಣಾರೆ ಕಂಡಿದ್ದರೆ ಹತ್ತು ಸಾಕ್ಷಿ. ಒಬ್ಬನು ಹೇಳಿದ್ದನ್ನು ಒಂಬತ್ತು ಜನ ಕೇಳಿ ಹೇಳಿದರೆ ಸಾಕ್ಷಿ ಒಂದೇ. ಆ ಒಬ್ಬನು ಕಂಡಿಲ್ಲದಿದ್ದರೆ ಅದೂ ಇಲ್ಲ. ಅಂತರಜಾಲದ ಹತ್ತು ಕಡೆಗಳಲ್ಲಿ ವಾಕ್ಯ ಒಂದೇ, ಅಕ್ಷರದ ತಪ್ಪುಗಳೂ ಒಂದೇ ಆಗಿದ್ದರೆ ಅವು ಹತ್ತು ಊರಿನ ಹತ್ತು ಬಾವಿಗಳಲ್ಲ. ಒಂದೇ ಬಾವಿಯ ನೀರನ್ನು ಹತ್ತು ಕೊಡಗಳಲ್ಲಿ ತುಂಬಿಟ್ಟದ್ದು.

ಇದರಿಂದ ಯಾರಿಗೆ ಏನು ನಷ್ಟ ಎಂದು ಕೇಳುವವರನ್ನು ನಮ್ಮ ಹಿನ್ನೀರಿನ ಕಡೆಗೆ ಕರೆದುಕೊಂಡು ಹೋಗಬೇಕೆನಿಸುತ್ತದೆ. ವಾಣಿವಿಲಾಸ ಸಾಗರ 1933ರಲ್ಲಿ ಮೊದಲ ಸಲ ತುಂಬಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಅನಂತರ. ಈ ನಡುವೆ ಮೂರು ತಲೆಮಾರು ಕಳೆದಿದ್ದವು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರತೊಡಗಿ, ಮಳೆಯೂ ಕೂಡಿಬಂದಾಗ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲ ತೋಟಗಳಿಗೆ ಏರಿತು. ಹಿರಿಯೂರಿನ ಕಡೆ ಹಬ್ಬ. ನಮ್ಮ ಕಡೆಯ ಅಂಚಿನ ಹಳ್ಳಿಗಳಲ್ಲಿ ಕಳವಳ. 2025ರ ಜನವರಿಯಲ್ಲಿ ಮೂರನೆಯ ಸಲ ಪೂರ್ಣಮಟ್ಟ ಮುಟ್ಟಿತು. ಆಗ ಜನ ಕೇಳಿದ ಪ್ರಶ್ನೆಗಳೆಲ್ಲ ಇತಿಹಾಸದ ಪ್ರಶ್ನೆಗಳೇ: 1933ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಕಟ್ಟೆ ಕಟ್ಟುವಾಗ ಸರ್ಕಾರ ಯಾವ ನೆಲವನ್ನು ಬಿಡಿಸಿಕೊಂಡಿತ್ತು? ಯಾವುದು ಜಲಾಶಯದ ಗಡಿ, ಯಾವುದು ರೈತನ ಹೊಲ? ಇವಕ್ಕೆ ಉತ್ತರ ‘ನಿಮಗಿದು ಗೊತ್ತೇ?’ ಎಂಬ ಸಂದೇಶದಲ್ಲಿ ದೊರೆಯುವುದಿಲ್ಲ. ಕಂದಾಯದ ದಫ್ತರದಲ್ಲಿ, ಹಳೆಯ ನಕ್ಷೆಯಲ್ಲಿ, ಲೋಕೋಪಯೋಗಿ ಇಲಾಖೆಯ ವರದಿಯಲ್ಲಿ ದೊರೆಯಬೇಕು. ಕಟ್ಟಿದವರು ಯಾರೆಂಬ ಸುಲಭದ ಪ್ರಶ್ನೆಗೆ ಇಸವಿ ನೋಡುವ ಅಭ್ಯಾಸವಿಲ್ಲದ ಸಮಾಜವು, ನೀರು ಬಾಗಿಲಿಗೆ ಬಂದಾಗ ಈ ಕಷ್ಟದ ಪ್ರಶ್ನೆಗಳಿಗೆ ದಾಖಲೆ ಹುಡುಕುವುದು ಹೇಗೆ?

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: ‘ನಿಜವನ್ನೇ ಬರೆಯಮ್ಮ. ಆಧಾರವನ್ನು ಕೈಯಲ್ಲಿಟ್ಟುಕೊಂಡು ಬರೆ.’ ಕೆಲಸದ ಪರೀಕ್ಷೆಗಳನ್ನು ನಡೆಸುವವರು ತಾತ್ಕಾಲಿಕವಾದ ಕೀ ಉತ್ತರಗಳನ್ನು ಮೊದಲು ಪ್ರಕಟಿಸಿ, ಆಧಾರಸಹಿತವಾದ ಆಕ್ಷೇಪಣೆಗಳಿಗೆ ಕೆಲವು ದಿನಗಳ ಅವಕಾಶ ಕೊಡುತ್ತಾರೆ. ಆ ಅವಕಾಶವನ್ನು ಉಪಯೋಗಿಸಿಕೊಳ್ಳುವವರು ಕಡಿಮೆ. ಏಕೆಂದರೆ ಪುಸ್ತಕದ ಹೆಸರು, ಸಂಪುಟ, ಪುಟ ಹೇಳಬಲ್ಲವರು ಕಡಿಮೆ. ಹೇಳಬಲ್ಲವರನ್ನು ತಯಾರುಮಾಡುವುದು ಅಧ್ಯಾಪಕರಾದ ನಮ್ಮ ಕೆಲಸ. ಅಂಕ ಹೋದೀತೆಂದು ನಾವೇ ‘ಕೀ ಉತ್ತರದಂತೆ ಬರೆ’ ಎಂದುಬಿಟ್ಟರೆ ಮುಂದಿನ ಹತ್ತು ಕೊಡಗಳನ್ನು ತುಂಬಿಸಿಕೊಟ್ಟವರು ನಾವೇ ಆಗುತ್ತೇವೆ.

ಮಾಡಬಹುದಾದ್ದು ದೊಡ್ಡ ಕೆಲಸವೇನಲ್ಲ. ಇತಿಹಾಸದ ಸಂಗತಿಯೊಂದು ಬಂದಾಗ ನಾಲ್ಕು ಪ್ರಶ್ನೆ ಕೇಳೋಣ. ಇದನ್ನು ಮೊದಲು ಹೇಳಿದವರು ಯಾರು? ಎಲ್ಲಿ, ಯಾವಾಗ ಹೇಳಿದರು? ‘ಮೊದಲ’, ‘ಏಕೈಕ’, ‘ಅತಿ’ ಎಂಬ ಮಾತಿದ್ದರೆ ಯಾವುದರಲ್ಲಿ ಮೊದಲು, ಎಷ್ಟರೊಳಗೆ ಅತಿ? ಹೇಳಿದ ವ್ಯಕ್ತಿಯ ಇಸವಿಯೂ ಹೇಳಿದ ಸಂಗತಿಯ ಇಸವಿಯೂ ಕೂಡಿಬರುತ್ತವೆಯೇ? ಶಾಸನಗಳಿಗೆ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಿವೆ. ನಮ್ಮ ಜಿಲ್ಲೆಯದು 11ನೆಯದು. ಸಂಸ್ಥಾನದ ಸಂಗತಿಗಳಿಗೆ ರೈಸ್ ಅವರ, ಹಯವದನರಾಯರ ಗೆಜೆಟಿಯರುಗಳಿವೆ. ಇವುಗಳಲ್ಲಿ ಬಹುಪಾಲನ್ನು ಇಂದು ಅದೇ ಅಂತರಜಾಲದಲ್ಲಿ, ಅದೇ ಮೊಬೈಲಿನಲ್ಲಿ ಓದಬಹುದು. ಸುಳ್ಳು ಬರುವ ಬಾಗಿಲಿನಿಂದಲೇ ಸತ್ಯವೂ ಬರಬಲ್ಲದು. ಬಾಗಿಲಲ್ಲಿ ಒಬ್ಬರು ಎಚ್ಚರವಾಗಿರಬೇಕು, ಅಷ್ಟೆ.

ಹೊಸದುರ್ಗದ ಬೆಟ್ಟದ ಮೇಲಿನ ಕೋಟೆ ಚಿತ್ರದುರ್ಗದ ನಾಯಕರ ಕಾಲದ್ದು. ಕಟ್ಟಿದ ದಿನ ಅದು ಹೊಸದಾಗಿತ್ತು, ಹೊಸದುರ್ಗವೆಂದು ಹೆಸರಾಯಿತು. ಶತಮಾನಗಳು ಕಳೆದರೂ ಹೆಸರು ಹೊಸದಾಗಿಯೇ ಉಳಿದಿದೆ. ಹೆಸರು ಒಮ್ಮೆ ಅಂಟಿತೆಂದರೆ ಹೀಗೆ ಬಿಡುವುದಿಲ್ಲ. ಮಾರಿಕಣಿವೆಯ ಕಟ್ಟೆಗೂ ಒಂದು ಹೆಸರು ಅಂಟಿದೆ; ಅದನ್ನು ಎರಡಕ್ಷರಕ್ಕೆ ಕತ್ತರಿಸದೆ ಪೂರ್ತಿಯಾಗಿ ಉಚ್ಚರಿಸಿದರೆ, ಅದನ್ನು ಕಟ್ಟಿಸಲು ಹೊರಟವರು ಯಾರೆಂಬ ಪ್ರಶ್ನೆಗೆ ಅರ್ಧ ಉತ್ತರ ಆ ಹೆಸರಿನಲ್ಲಿಯೇ ದೊರೆಯುತ್ತದೆ. ಉಳಿದರ್ಧಕ್ಕೆ ಪುಸ್ತಕವನ್ನು ತೆರೆಯಬೇಕು.